ಜೋಕಾಲಿ ಕಂಪನಿಯ ಅರ್ಧ ಪಾಲು

ಜನವರಿ 8, ಸೋಮವಾರ

ಕೊರೆಯುವ ಚಳಿ. ಒಗೆದ ಬಟ್ಟೆಗಳು ಹಗ್ಗದ ಮೇಲೆಯೇ ಹಲಗೆಯಾದವು. ನನ್ನ ಗಂಡ ಆಟ್ಲಿಯ ಪ್ಯಾಂಟನ್ನು ಒಳಗೆ ತಂದು ನೆಲಕ್ಕೆ ಇಟ್ಟರೆ ತಾನೇ ನಿಂತುಕೊಂಡಿತು. ಮಗಳು ಐವಾ ಅದರ ಮೊಣಕಾಲನ್ನು ತಬ್ಬಿಕೊಂಡು "ಡ್ಯಾಟ್, ಡ್ಯಾಟ್" ಎಂದಳು. ಮಗುವಿಗೆ ಅಪ್ಪ ಮನೆಯಲ್ಲಿ ಸಿಗುವುದು ಈಗ ಹಾಗೆಯೇ, ಪ್ಯಾಂಟಿನ ರೂಪದಲ್ಲಿ.

ಹತ್ತು ಗಂಟೆಗೆ ಶಾಪಿಗೆ ಕಾಫಿ ತೆಗೆದುಕೊಂಡು ಹೋದೆ. ಆಫೀಸು ಕೋಣೆಯಲ್ಲಿ ಆಟ್ಲಿಯೂ ವೆರ್ನಾಳೂ ಜೋರಾಗಿ ನಗುತ್ತಿದ್ದರು. ನಾನು ಬಾಗಿಲು ತೆರೆದ ಕೂಡಲೇ ನಗು ನಿಂತಿತು.

"ಏನು ನಗು?" ಎಂದೆ.

"ಏನಿಲ್ಲ, ಬೋಲ್ಟಿನ ವಿಚಾರ," ಎಂದ ಆಟ್ಲಿ.

ಬೋಲ್ಟಿನಲ್ಲಿ ನಗುವಂಥದ್ದು ಏನಿರುತ್ತದೆ?

ವೆರ್ನಾ ಆಟ್ಲಿಯ ಅಣ್ಣ ಈನಸನ ಹೆಂಡತಿ. ಮಕ್ಕಳ ಜೋಕಾಲಿ, ಜಾರುಬಂಡೆ ಮಾಡುವ ಈ ಶಾಪು ಅಣ್ಣ ತಮ್ಮ ಇಬ್ಬರದೂ, ಅರ್ಧ ಅರ್ಧ. ಒಂದು ವರ್ಷದ ಹಿಂದೆ ಓಕ್ ಮರ ಕಡಿಯುವಾಗ ಮರ ಈನಸನ ಮೇಲೆಯೇ ಬಿತ್ತು. ಅವನ ಅರ್ಧ ಅವಳಿಗೆ ಬಂತು. ಅಂದಿನಿಂದ ಆರ್ಡರು, ಬಿಲ್ಲು, ಗಿರಾಕಿಗಳ ಜೊತೆ ಮಾತು, ಎಲ್ಲ ಅವಳದೇ. ಗಂಡನ ಸಾವಿಗೆ ಕಪ್ಪು ಉಡುಪು ತೊಡುವ ವರ್ಷ ಮುಗಿಯಿತು, ಈಗ ನೀಲಿ ಹಾಕುತ್ತಾಳೆ. ನೀಲಿ ಅವಳಿಗೆ ಒಪ್ಪುತ್ತದೆ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಆದರೆ ಒಪ್ಪುತ್ತದೆ.

ಜನವರಿ 19, ಶುಕ್ರವಾರ

ವಿರೋಕ್ವಾ ಪಟ್ಟಣದಿಂದ ಲೆಕ್ಕಿಗ ಹಾಲ್ವರ್ಸನ್ ಕಾರಿನಲ್ಲಿ ಬಂದಿದ್ದರು. ಹಳೆಯ ಲೆಕ್ಕಿಗರು ಕೆಲಸ ಬಿಟ್ಟಮೇಲೆ ಇವರು ಹೊಸಬರು. ಇಂಗ್ಲಿಷಿನವರು, ಅಂದರೆ ಹೊರಗಿನವರು; ಕಾರು, ಕರೆಂಟು ಬಿಟ್ಟು ಬದುಕುವ ನಮ್ಮ ಆಮಿಶ್ ಜನರ ಜೊತೆ ಮೊದಲ ಸಲ ವ್ಯವಹಾರ. ಕೋಟು ಎಲ್ಲಿ ನೇತುಹಾಕುವುದು ಎಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕುಳಿತರು.

ಎಲ್ಲೋ ಯಾರದ್ದೋ ಜೋಕಾಲಿಯಿಂದ ಮಗು ಬಿದ್ದು, ಮಾಡಿದವನ ಮೇಲೆ ಕೋರ್ಟಿಗೆ ಹೋದರಂತೆ, ಅವನ ಹೊಲವೂ ಹೋಯಿತಂತೆ. ಕಂಪನಿಯಾದರೆ ಮಾಲೀಕನ ಹೊಲ ಮುಟ್ಟುವಂತಿಲ್ಲವಂತೆ. ಆ ಸುದ್ದಿ ಕೇಳಿದ ಮೇಲೆ ಆಟ್ಲಿ ಹೊಸ ವರ್ಷದ ಮೊದಲ ದಿನದಿಂದ ಶಾಪನ್ನು ಕಂಪನಿ ಮಾಡಿಸಿದ್ದಾನೆ. ನೂರು ಪಾಲು. ಐವತ್ತು ಅವನಿಗೆ, ಐವತ್ತು ವೆರ್ನಾಳಿಗೆ.

"ಕಂಪನಿ ಆಯ್ತು. ಇನ್ನು ತೆರಿಗೆ ಯಾವ ದಾರೀಲಿ ಅನ್ನೋದು," ಎಂದರು ಹಾಲ್ವರ್ಸನ್. "ಸುಮ್ನೆ ಬಿಟ್ರೆ ಲಾಭಕ್ಕೆ ಕಂಪನಿ ಒಂದ್ಸಲ ಕಟ್ಟುತ್ತೆ. ಉಳಿದದ್ದು ನಿಮ್ಮ ಕೈಗೆ ಬಂದಾಗ ನೀವು ಇನ್ನೊಂದ್ಸಲ ಕಟ್ತೀರ."

"ಒಂದೇ ಹಸೂನ ಇಬ್ಬರು ಕರೆದಂಗೆ," ಎಂದ ಆಟ್ಲಿ.

"ಹಾಗೇ. ಅದಕ್ಕೇ ಎಸ್ ಅಂತ ಒಂದು ಬಗೆ ಕಂಪನಿ ಇದೆ. ಅದು ತಾನಾಗಿ ಲಾಭಕ್ಕೆ ತೆರಿಗೆ ಕಟ್ಟಲ್ಲ. ಲಾಭ ಪಾಲಿನ ಪ್ರಕಾರ ಒಡೆದು ಮಾಲೀಕರ ಮನೆಗೆ ಹೋಗುತ್ತೆ. ಅವರವರ ಪಾಲಿಗೆ ಅವರವರ ಮನೆಯಿಂದ ತೆರಿಗೆ. ಒಂದೇ ಸಲ. ಆದರೆ ಎಲ್ಲರೂ ಇಂಥ ಕಂಪನಿ ಮಾಡೋ ಹಾಗಿಲ್ಲ. ನೂರು ಜನಕ್ಕಿಂತ ಹೆಚ್ಚು ಪಾಲುದಾರರು ಇರಬಾರ್ದು."

"ನೂರೇನಾ? ನಮ್ಮಜ್ಜಿ ಸತ್ತಾಗ ಮೊಮ್ಮಕ್ಕಳೇ ನೂರ ಹದಿನಾಲ್ಕು."

"ಒಂದು ಮನೆತನದೋರು ಎಷ್ಟಿದ್ರೂ ಒಬ್ಬರೇ ಅಂತ ಲೆಕ್ಕ."

"ಹಂಗಾದ್ರೆ ಈ ಕಣಿವೆ ಪೂರ್ತಿ ಒಬ್ಬನೇ ಮನುಷ್ಯ," ಎಂದಳು ವೆರ್ನಾ. ಹಾಲ್ವರ್ಸನ್ ಕೂಡ ನಕ್ಕರು.

ಆಮೇಲೆ ಅವರು ಮಿಕ್ಕದ್ದು ಹೇಳಿದರು. ಪಾಲುದಾರ ಮನುಷ್ಯನೇ ಆಗಿರಬೇಕು, ಇನ್ನೊಂದು ಕಂಪನಿ ಪಾಲುದಾರ ಆಗುವ ಹಾಗಿಲ್ಲ. ಈ ದೇಶದವನಾಗಿರಬೇಕು, ಇಲ್ಲವೇ ಇಲ್ಲಿ ನೆಲೆಸಿದವನಾಗಿರಬೇಕು. ಪಾಲೆಲ್ಲ ಒಂದೇ ಬಗೆಯದು, ಒಂದು ಪಾಲಿಗೆ ಕೊಟ್ಟಷ್ಟೇ ಪ್ರತಿ ಪಾಲಿಗೂ ಕೊಡಬೇಕು. ಎಲ್ಲ ಪಾಲುದಾರರೂ ಒಪ್ಪಿ ಸಹಿ ಹಾಕಬೇಕು, ಮಾರ್ಚ್ ಹದಿನೈದರ ಒಳಗೆ.

"ಇನ್ನೊಂದು. ಈ ರಾಜ್ಯದಲ್ಲಿ ಗಂಡನ ಆಸ್ತೀಲಿ ಹೆಂಡತಿಗೂ ಹಕ್ಕಿದೆ. ಅದಕ್ಕೇ ಅವರ ಸಹಿನೂ ಬೇಕು. ಒಬ್ಬರು ಬಿಟ್ರೂ ಆಗಲ್ಲ."

ಮೂವರೂ ನನ್ನ ಕಡೆ ತಿರುಗಿದರು. ನಾನು ಹಣ್ಣು ತುಂಬಿ ಬೇಯಿಸಿದ ಪೈ ಕತ್ತರಿಸುತ್ತಿದ್ದೆ. ಚಾಕು ಅಲ್ಲೇ ನಿಂತಿತು. ಕಣಿವೆಗೆ ಮದುವೆಯಾಗಿ ಬಂದು ನಾಲ್ಕು ವರ್ಷವಾಯಿತು. ಒಂದು ವಿಚಾರದಲ್ಲಿ ಮೂವರು ನನ್ನ ಮುಖ ನೋಡಿ ಕಾದದ್ದು ಇವತ್ತೇ.

"ಯೋಚನೆ ಮಾಡ್ತೀನಿ," ಎಂದೆ.

ಆಟ್ಲಿಯ ಬಾಯಿ ತೆರೆದೇ ಇತ್ತು.

ಜನವರಿ 20, ಶನಿವಾರ

ಹಿಮ. ಬ್ರೆಡ್ಡು ಸುಟ್ಟೆ. ಆಟ್ಲಿ ಸುಟ್ಟದ್ದನ್ನು ಕೆರೆದು ತಿಂದ. ಅರ್ಧ ಅವನು, ಅರ್ಧ ಅವಳು. ಅವನ ಅರ್ಧದೊಳಗೆ ಎಲ್ಲೋ ಒಂದು ಮೂಲೆಯಲ್ಲಿ ನಾನು.

ಫೆಬ್ರವರಿ 1, ಗುರುವಾರ

ಹಾಲ್ವರ್ಸನ್ ಹೋದ ವಾರ ಬಂದಾಗ ಬಹಳ ಖುಷಿಯಲ್ಲಿದ್ದರು. ಸಂಬಳ ನ್ಯಾಯವಾಗಿ ಎಷ್ಟು ಬೇಕೋ ಅಷ್ಟು ತೆಗೆದುಕೊಂಡು, ಮಿಕ್ಕದ್ದನ್ನು ಲಾಭವಾಗಿ ಪಡೆದರೆ ಅದರ ಮೇಲೆ ಮುಪ್ಪಿನ ಪಿಂಚಣಿಯ ತೆರಿಗೆ ಇಲ್ಲವಂತೆ. ಎಷ್ಟು ಉಳಿಯುತ್ತದೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

"ಆ ತೆರಿಗೆ ನಾವು ಕಟ್ಟೋದೇ ಇಲ್ವಲ್ಲ," ಎಂದಿದ್ದ ಆಟ್ಲಿ. "ನಮ್ಮ ಮುದುಕರನ್ನ ನಾವೇ ನೋಡ್ಕೋತೀವಿ, ನಿಮ್ಮ ಪಿಂಚಣಿ ಬೇಡ ಅಂತ ಸರ್ಕಾರಕ್ಕೆ ಬರ್ಕೊಟ್ಟಿದ್ದೀವಿ."

ಹಾಲ್ವರ್ಸನ್ ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಇವತ್ತು ಮತ್ತೆ ಬಂದರು. ಈ ಸಲ ಖುಷಿ ಇರಲಿಲ್ಲ. ಆ ವಿನಾಯಿತಿ ನಂಬಿಕೆಯುಳ್ಳ ಮನುಷ್ಯರಿಗೆ ಮಾತ್ರವಂತೆ. ಇಷ್ಟು ದಿನ ಶಾಪು ಇಬ್ಬರು ಮನುಷ್ಯರದ್ದಾಗಿತ್ತು, ಸಿಕ್ಕಿತು. ಇನ್ನು ಸಂಬಳ ಕೊಡುವುದು ಕಂಪನಿ. "ಕಂಪನಿಗೆ ಧರ್ಮ ಇಲ್ಲ," ಎಂದರು. ಆದ್ದರಿಂದ ಆಟ್ಲಿ, ವೆರ್ನಾ, ಗರಗಸದ ಹತ್ತಿರ ಕೆಲಸ ಮಾಡುವ ನಾಲ್ಕು ಜನ, ಎಲ್ಲರ ಸಂಬಳದಿಂದಲೂ ಆ ತೆರಿಗೆ ಮುರಿಯಬೇಕು. ಹೊರಗಿನ ಎಲ್ಲರಿಗೂ ಉಳಿತಾಯ ಮಾಡುವ ದಾರಿ ನಮಗೆ ಮಾತ್ರ ಖರ್ಚಿನ ದಾರಿ.

ನಮ್ಮ ಸಭೆಯ ಬಿಷಪ್ ಎಫ್ರಾಯಿಮ್ ಅವರನ್ನು ಕರೆಸಿದೆವು. ಅವರು ಬೂಟಿನ ಹಿಮ ಕೊಡವುತ್ತಲೇ ಕೇಳಿದರು, "ಧರ್ಮ ಇಲ್ಲದ್ದನ್ನ ಮನೆಯೊಳಕ್ಕೆ ಯಾಕಪ್ಪ ಕರೆದ್ರಿ?"

ನನ್ನ ಎದೆ ಹಗುರವಾಯಿತು. ಅವರು ಬೇಡ ಎಂದರೆ ನನ್ನ ಸಹಿಯ ಮಾತೇ ಇಲ್ಲ, ಕಂಪನಿಯೂ ಇಲ್ಲ. ವೆರ್ನಾ ತನ್ನ ಅರ್ಧ ಮಾರಿ ಓಹಾಯೋದಲ್ಲಿರುವ ತನ್ನ ತವರಿಗೆ ಹೋಗಬಹುದು. ಹಾಗೇ ಆಗಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಬಿಷಪ್ ಎರಡು ತುಂಡು ಪೈ ತಿಂದು ಗಡ್ಡ ಒರೆಸಿಕೊಂಡರು. "ಹೊಲ ಹೋಗೋದಕ್ಕಿಂತ ಇದು ವಾಸಿ. ಬೈಬಲ್ ಹೇಳೋ ಹಾಗೆ ಕೈಸರ ದೊರೆಯದನ್ನ ಕೈಸರನಿಗೆ ಕಟ್ಟಿ. ಆದ್ರೆ ಮುದುಕರಾದ ಮೇಲೆ ಅವನ ಹತ್ರ ಒಂದು ಕಾಸೂ ಇಸ್ಕೋಬೇಡಿ."

ಮೂರನೆಯ ತುಂಡು ನಾನು ಕೊಡಲಿಲ್ಲ.

ಫೆಬ್ರವರಿ 21, ಬುಧವಾರ

ಮ್ಯಾಟಿಯ ಮನೆಯಲ್ಲಿ ಕೌದಿ ಹೊಲಿಯಲು ಹೆಂಗಸರೆಲ್ಲ ಸೇರಿದ್ದೆವು. ಮ್ಯಾಟಿಯ ಬಾಯಿ ಕಣಿವೆಗೆಲ್ಲ ಗೊತ್ತು.

"ಏನೇ ಸಲೋಮಾ, ನಿನಗೆ ಗಂಡ ಒಬ್ಬ, ಕಂಪನೀಲಿ ಅವನಿಗೆ ಜೋಡಿ ಇನ್ನೊಬ್ಬಳಂತೆ!"

"ಬಿಡೇ, ಅವಳಿಗೆ ಬೇಜಾರಾಗುತ್ತೆ," ಎಂದಳು ಇನ್ನೊಬ್ಬಳು, ಬೇಜಾರಾಯಿತೋ ಇಲ್ಲವೋ ಎಂದು ನನ್ನನ್ನೇ ನೋಡುತ್ತ.

"ಬೇಜಾರ್ಯಾಕೆ? ಊಟ ಹಾಕೋದು ಇವಳು, ಮಾತಾಡೋದು ಅವಳು. ಕೆಲಸ ಹಂಚ್ಕೊಂಡಿದ್ದಾರೆ!"

ನಾನೂ ನಕ್ಕೆ. ಮನೆಗೆ ಬಂದು ನೋಡಿದರೆ ತೋರುಬೆರಳೆಲ್ಲ ಸೂಜಿಯ ತೂತು.

ಸಹಿ ಹಾಕುವುದಿಲ್ಲ.

ಮಾರ್ಚ್ 11, ಸೋಮವಾರ

ಹಿಮ ಕರಗಿ ಅಂಗಳವೆಲ್ಲ ಕೆಸರು. ಬಟ್ಟೆ ಹಿಂಡುತ್ತಿದ್ದಾಗ ವೆರ್ನಾ ಬಂದಳು. ಕಾಗದವನ್ನು ಮೇಜಿನ ಮೇಲಿಟ್ಟು, ತೋಳು ಮಡಿಸಿ, ನನ್ನ ಜೊತೆ ಹಿಂಡಲು ನಿಂತಳು. ನಾನು ಬೇಡ ಎನ್ನಲಿಲ್ಲ. ದುಪ್ಪಟಿ ದೊಡ್ಡದು, ಇಬ್ಬರು ಬೇಕೇ ಬೇಕು.

"ನನ್ನ ಮೇಲಿನ ಸಿಟ್ಟಿಗೆ ತಾನೇ ಸಹಿ ಹಾಕ್ದೇ ಇರೋದು?"

ಅವಳು ಹೀಗೆ ನೇರವಾಗಿ ಕೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ದುಪ್ಪಟಿಯನ್ನು ಇನ್ನೂ ಬಿಗಿಯಾಗಿ ತಿರುಚಿದೆ.

"ನಿನ್ನ ಗಂಡ ನನ್ನ ಹತ್ರ ಏನ್ ಮಾತಾಡ್ತಾನೆ ಗೊತ್ತಾ? ಬೋಲ್ಟು. ನಟ್ಟು. ಮೊಳೆ. ಒಂದಿನ ಇಡೀ ವಾಷರ್ ಬಗ್ಗೆ ಮಾತಾಡ್ದ. ನಾನು ಬದುಕಿದ್ದೇ ಹೆಚ್ಚು."

"ನಗ್ತಿದ್ರಲ್ಲ."

"ಮ್ಯಾಡಿಸನ್ನಿನ ಗಿರಾಕಿಯೊಬ್ಬ ಏಣಿ ತಲೆಕೆಳಗೆ ಜೋಡಿಸ್ಕೊಂಡು, ನಿಮ್ಮ ಬೋಲ್ಟು ಉಲ್ಟಾ ಇದೆ ಅಂತ ಬರೆದಿದ್ದ. ಅದಕ್ಕೆ."

ಅದು ನಗುವಂಥದ್ದೇ. ನಗು ಬಂದರೂ ತಡೆದೆ.

"ನಾನೂ ಆಫೀಸಿಗೆ ಬರ್ತೀನಿ. ವಾರಕ್ಕೆ ಮೂರು ದಿನ," ಎಂದೆ. ಎಲ್ಲಿಂದ ಬಂತೋ ಆ ಮಾತು. "ಅದಕ್ಕೆ ಒಪ್ಪಿದ್ರೆ ಸಹಿ."

"ನನ್ನನ್ನ ಕಾಯೋದಕ್ಕಾ?"

"ಹೂಂ."

ವೆರ್ನಾ ದುಪ್ಪಟಿಯ ತನ್ನ ತುದಿಯನ್ನು ಬಿಟ್ಟು ಕೈ ಒರೆಸಿಕೊಂಡು ನಕ್ಕಳು. "ಬಾ ಮಾರಾಯ್ತಿ. ಐವಾನ್ನೂ ಕರ್ಕೊಂಡು ಬಾ. ಕಾಯೋದು ಕಾಯಿ, ಜೊತೆಗೆ ಲಕೋಟೆನೂ ಅಂಟಿಸು."

ಸಹಿ ಹಾಕಿದೆ. ಒದ್ದೆ ಕೈ. ನನ್ನ ಹೆಸರಿನ ಕೊನೆಯ ಅಕ್ಷರ ಸ್ವಲ್ಪ ಕಲೆಸಿಹೋಯಿತು.

ಮಾರ್ಚ್ 15, ಶುಕ್ರವಾರ

ಗಡುವಿನ ದಿನ. ಕಾಗದ ಮೊನ್ನೆಯೇ ಅಂಚೆಗೆ ಹೋಗಿದೆ. ಮೋಡ.

ಏಪ್ರಿಲ್ 9, ಮಂಗಳವಾರ

ಮೂರನೇ ವಾರ ಆಫೀಸಿನಲ್ಲಿ. ಕಾಯುತ್ತಿದ್ದೇನೆ. ಇವತ್ತು ಕಂಡದ್ದು: ಆಟ್ಲಿ ಎರಡು ಸಲ ಒಳಗೆ ಬಂದ, ಎರಡು ಸಲವೂ ಸ್ಕ್ರೂ ಕೇಳಿದ. ವೆರ್ನಾ ತಲೆ ಎತ್ತದೆ ಬೆರಳು ತೋರಿಸಿದಳು.

ಅವಳು ಕೆಲಸ ಮಾಡುವಾಗ ಪೆನ್ಸಿಲನ್ನು ತಲೆಯ ಬಿಳಿ ಟೋಪಿಗೆ ಸಿಕ್ಕಿಸಿಕೊಂಡು ಆಮೇಲೆ ಅದನ್ನೇ ಹುಡುಕುತ್ತಾಳೆ. ಮಧ್ಯಾಹ್ನ ಬ್ರೆಡ್ಡಿಗೆ ಸಕ್ಕರೆ ಬೆರೆಸಿದ ಕಡಲೆಬೀಜದ ಬೆಣ್ಣೆ ಹಚ್ಚಿ, ಅದರ ಮೇಲೆ ಉಪ್ಪಿನಲ್ಲಿ ನೆನೆದ ಸೌತೆಕಾಯಿ ಇಡುತ್ತಾಳೆ. ನೋಡಲಾಗುವುದಿಲ್ಲ. ನಾನೂ ಒಂದು ತಿಂದೆ. ಪರವಾಗಿಲ್ಲ.

ಮೇ 22, ಬುಧವಾರ

ನಮ್ಮ ಹಳೆಯ ಕುದುರೆ ಕುಂಟುತ್ತಿದೆ. ಹೊಸದಕ್ಕೆ ಶಾಪಿನ ಲಾಭದಿಂದ ಐದು ಸಾವಿರ ತೆಗೆಯುತ್ತೇನೆ ಎಂದ ಆಟ್ಲಿ.

"ತೆಗಿ," ಎಂದಳು ವೆರ್ನಾ. "ಆದ್ರೆ ನನಗೂ ಐದು ಸಾವಿರ ಕೊಡ್ಬೇಕು. ಪಾಲೆಲ್ಲ ಒಂದೇ ಬಗೆ."

"ನಿನಗೂ ಕುದುರೆ ಬೇಕಾ?"

"ಬೇಡ."

"ಮತ್ಯಾಕೆ?"

"ನನಗಲ್ಲಪ್ಪ, ಕಾನೂನಿಗೆ ಬೇಕು. ನಿನಗೊಬ್ಬನಿಗೇ ಕೊಡ್ತಾ ಹೋದ್ರೆ ನಿನ್ನ ಪಾಲೇ ಮೇಲು ಅಂದಂಗಾಗುತ್ತೆ."

ನಮ್ಮಲ್ಲಿ ಮನೆಯೊಳಗೆ ಫೋನ್ ಇಡುವಂತಿಲ್ಲ. ಅವನು ರಸ್ತೆ ಬದಿಯ ಫೋನ್ ಗೂಡಿಗೆ ಹೋಗಿ ಹಾಲ್ವರ್ಸನ್ ಅವರನ್ನು ಕೇಳಿದ. ಅವರೂ ಅದನ್ನೇ ಹೇಳಿದರು. ಇಬ್ಬರಿಗೂ ಕೊಡುವಷ್ಟು ಹಣ ಶಾಪಿನಲ್ಲಿಲ್ಲ. ಅವನು ಗೊಣಗುತ್ತ ಹೋದ ಮೇಲೆ ನಾನು, "ಕಾನೂನಿಗೆ ಒಂದು ಕುದುರೆ ಕೊಡಿಸಿದ್ರೆ ಯಾವ ಕೊಟ್ಟಿಗೇಲಿ ಕಟ್ಟೋದು?" ಎಂದೆ. ವೆರ್ನಾ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಆಟ್ಲಿ ಹಿಂತಿರುಗಿ ಬಂದು ಬಾಗಿಲಲ್ಲಿ ನಿಂತ.

"ಏನು ನಗು?"

"ಏನಿಲ್ಲ," ಎಂದೆವು.

ಜೂನ್ 13, ಗುರುವಾರ

ತೆರಿಗೆಯ ಕಂತು. ಲಾಭ ಕೈಗೆ ಬಂದಿಲ್ಲ. ಎಲ್ಲ ಸೀಡರ್ ಮರವಾಗಿ ಶಾಪಿನ ಹಿಂದೆ ಬಿದ್ದಿದೆ. ಆದರೂ ನಮ್ಮ ಅರ್ಧಕ್ಕೆ ನಮ್ಮ ಮನೆಯಿಂದ, ಅವಳ ಅರ್ಧಕ್ಕೆ ಅವಳ ಮನೆಯಿಂದ ಕಟ್ಟಬೇಕು. ಉಣ್ಣದ ಊಟಕ್ಕೆ ತೇಗಿದಂತೆ. ಮೊಟ್ಟೆ ಮಾರಿದ ದುಡ್ಡನ್ನೂ ಸೇರಿಸಿದೆ. ಸಂಜೆ ವೆರ್ನಾಳೂ ನಾನೂ ಆ ಮರದ ರಾಶಿಯ ಮೇಲೆ ಕುಳಿತು ಚೆರಿ ತಿಂದೆವು.

"ನಮ್ಮ ದುಡ್ಡಿನ ಮೇಲೆ ಕೂತಿದ್ದೀವಿ. ಚುಚ್ಚುತ್ತೆ," ಎಂದಳು.

ಆಗಸ್ಟ್ 7, ಬುಧವಾರ

ವೆರ್ನಾಳಿಗೆ ಜ್ವರ. ಮಿಲ್ವಾಕಿಯ ಅಂಗಡಿಯವಳ ಜೊತೆ ಫೋನಿನಲ್ಲಿ ನಾನೇ ಮಾತಾಡಬೇಕಾಯಿತು. ಗೂಡಿನಲ್ಲಿ ಕಾದ ಒಲೆಯಂಥ ಸೆಕೆ. ಆಕೆ ಕೂಗುತ್ತಿದ್ದಳು, ಹನ್ನೆರಡು ಜಾರುಬಂಡೆ ಯಾಕೆ ಬಂದಿಲ್ಲ ಎಂದು. ನನಗೆ ಮಾತೇ ಹೊರಡಲಿಲ್ಲ. ನಾನು ಸುಮ್ಮನಿದ್ದಷ್ಟೂ ಆಕೆಯ ಕೂಗು ಇಳಿಯಿತು, ಕೊನೆಗೆ ಆಕೆಯೇ ಕ್ಷಮೆ ಕೇಳಿ ಇನ್ನೂ ಎರಡು ಜಾಸ್ತಿ ಬೇಕು ಎಂದಳು.

ಸೂಪು ತೆಗೆದುಕೊಂಡು ಹೋಗಿ ವೆರ್ನಾಳಿಗೆ ಹೇಳಿದೆ. "ಇನ್ಮೇಲೆ ಕೂಗೋರಿಗೆಲ್ಲ ನಿನ್ನನ್ನೇ ಕಳಿಸ್ತೀನಿ ಕಣೇ," ಎಂದು ಹಾಸಿಗೆಯಲ್ಲೇ ನಕ್ಕು ಕೆಮ್ಮಿದಳು. ಮ್ಯಾಟಿಯೂ ಸೂಪು ತಂದಿದ್ದಳು. ನೀರು ನೀರು. ನನ್ನದನ್ನು ಮೊದಲು ಕುಡಿಸಿದೆ.

ಅಕ್ಟೋಬರ್ 6, ಭಾನುವಾರ

ಕೆನಡಾದ ಒಂಟಾರಿಯೋದಿಂದ ನಮ್ಮವರೇ ಹತ್ತು ಜನ ವ್ಯಾನು ಬಾಡಿಗೆ ಮಾಡಿಕೊಂಡು ಬಂದಿದ್ದಾರೆ. ಪ್ರಾರ್ಥನೆ ಮುಗಿದು ಊಟಕ್ಕೆ ಕುಳಿತಾಗ ಅವರಲ್ಲಿ ಸೈಲಸ್ ಯಾಂಟ್ಸಿ ಎಂಬುವನು ವೆರ್ನಾಳ ಎದುರಿನ ಮೇಜು ಹುಡುಕಿಕೊಂಡು ಕುಳಿತ. ಹೆಂಡತಿ ತೀರಿಕೊಂಡು ಎರಡು ವರ್ಷವಂತೆ. ಅವನು ಅಗಿಯುವಾಗ ಕಿವಿ ಅಲ್ಲಾಡುತ್ತದೆ. ಪೈಯನ್ನು ಚಮಚದಲ್ಲಿ ತಿನ್ನುತ್ತಾನೆ. ಶಾಪು ನೋಡಬೇಕು ಎಂದು ನಾಳೆ ಬರುತ್ತಾನಂತೆ. ಕೆನಡಾದಲ್ಲಿ ಜೋಕಾಲಿ ಇಲ್ಲವೇ?

ನವೆಂಬರ್ 12, ಮಂಗಳವಾರ

ಒಂಟಾರಿಯೋದಿಂದ ಕಾಗದ. ಈ ತಿಂಗಳಲ್ಲಿ ಮೂರನೆಯದು. ವೆರ್ನಾ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬಿಲ್ಲು ಕೂಡಿಸುವಾಗ ಎರಡು ಸಲ ತಪ್ಪಿದಳು. ನಾನು ತಿದ್ದಿದೆ. ತಿದ್ದಿದ್ದು ಅವಳ ಗಮನಕ್ಕೂ ಬರಲಿಲ್ಲ.

ಡಿಸೆಂಬರ್ 3, ಮಂಗಳವಾರ

ಆಟ್ಲಿ ಊಟ ಮಾಡುತ್ತ, ಉಪ್ಪು ಕೊಡು ಎನ್ನುವ ಹಾಗೆ ಹೇಳಿದ. "ವೆರ್ನಾ ಮದುವೆ ಆಗ್ತಾಳಂತೆ. ಆ ಕೆನಡಾದವನನ್ನ. ವಸಂತಕ್ಕೆ ಮೊದಲೇ."

"ಯಾರು ಹೇಳಿದ್ದು?"

"ಅವಳೇ. ಬೆಳಿಗ್ಗೆ, ಗಾಡಿಗೆ ಮಾಲು ತುಂಬುವಾಗ."

"ನಿನಗೆ ಹೇಳಿದ್ಲಾ? ನಿನಗಾ?"

"ನನಗೆ ಹೇಳ್ಬಾರ್ದಾ? ಒಳ್ಳೇ ಸುದ್ದಿ ಅಲ್ವಾ? ನೀನೇ ತಾನೇ ಅವಳು ಹೋದ್ರೆ ಸಾಕು ಅಂತಿದ್ದೆ."

ನಾನು ಯಾವಾಗ ಹಾಗೆ ಅಂದೆ? ಇವನಿಗೆ ಹೇಳಿದ್ದಾಳೆ. ಇಡೀ ದಿನ ನನ್ನ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತಿರುತ್ತಾಳೆ, ಹೇಳಿದ್ದು ಇವನಿಗೆ. ಸ್ಕ್ರೂ ಎಲ್ಲಿದೆ ಎಂದು ತಿಳಿಯದವನಿಗೆ.

ತಟ್ಟೆಗಳನ್ನು ತೊಳೆಯಲಿಲ್ಲ. ನೆನೆಯಲಿ.

ಡಿಸೆಂಬರ್ 4, ಬುಧವಾರ

ಆಫೀಸಿಗೆ ಹೋಗಲಿಲ್ಲ. ತಲೆನೋವು ಎಂದು ಹೇಳಿಕಳಿಸಿದೆ.

ಜನವರಿ 14, ಮಂಗಳವಾರ

ಹಾಲ್ವರ್ಸನ್ ಬಂದಿದ್ದರು. ಈಗ ಅವರಿಗೆ ಕೋಟು ಎಲ್ಲಿ ಹಾಕಬೇಕೆಂದು ಗೊತ್ತು.

ಸೈಲಸ್ ಶಾಪಿಗೆ ಒಂದು ಕಾಗದ ಬರೆದಿದ್ದ. ಮದುವೆಯಾದ ಮೇಲೆ ವೆರ್ನಾಳ ಐವತ್ತು ಪಾಲನ್ನು ತನ್ನ ಹೆಸರಿಗೆ ಬರೆಸಲು ಏನು ಮಾಡಬೇಕು ಎಂದು. ಅದರಲ್ಲಿ ದುರಾಸೆ ಇಲ್ಲ. ಹೆಂಡತಿಯದ್ದು ಗಂಡನ ಹೆಸರಿನಲ್ಲಿರುವುದು ನಮ್ಮಲ್ಲಿ ನಡೆದುಬಂದದ್ದು, ಯಾರೂ ಎರಡನೇ ಸಲ ಯೋಚಿಸುವುದಿಲ್ಲ.

"ಆಗೋದೇ ಇಲ್ಲ," ಎಂದರು ಹಾಲ್ವರ್ಸನ್. "ಆತ ಈ ದೇಶದವನಲ್ಲ, ಇಲ್ಲಿ ನೆಲೆಸಿಯೂ ಇಲ್ಲ. ಒಂದೇ ಒಂದು ಪಾಲು ಆತನ ಹೆಸರಿಗೆ ಹೋದ್ರೂ ಆ ದಿನವೇ ನಿಮ್ಮ ಎಸ್ ಮುರಿದುಬೀಳುತ್ತೆ. ಮತ್ತೆ ಎರಡು ಸಲದ ತೆರಿಗೆ."

ನನಗೆ ಎಷ್ಟು ಸಂತೋಷವಾಯಿತೆಂದರೆ ಅವರು ಕೇಳದೆಯೇ ಎರಡನೇ ಕಪ್ಪು ಕಾಫಿ ಸುರಿದೆ. ಒಳ್ಳೆಯ ಕಾನೂನು. ಎಲ್ಲ ಯೋಚನೆ ಮಾಡಿಯೇ ಬರೆದಿದ್ದಾರೆ.

"ಅವನು ಇಲ್ಲಿಗೇ ಬಂದು ನೆಲೆಸಿದ್ರೆ?" ಎಂದು ಕೇಳಿದ್ದೂ ನಾನೇ.

"ಆಗ ಆಗುತ್ತೆ."

ಶಾಪಿನ ಒಳಿತಿಗಾಗಿ ಸೈಲಸನಿಗೆ ನಾನೇ ಒಂದು ಕಾಗದ ಬರೆದೆ. ಇಲ್ಲಿ ಹೊಲ ಅಗ್ಗ, ಹುಲ್ಲು ಹುಲುಸು ಎಂದು.

ಜನವರಿ 29, ಬುಧವಾರ

ಸೈಲಸನ ಉತ್ತರ ಬಂತು. ಆರು ಮಕ್ಕಳು, ನಲವತ್ತು ಹಸು, ಕಣ್ಣು ಕಾಣದ ತಾಯಿ. ಬಿಟ್ಟು ಬರಲಾಗದು, ಕ್ಷಮಿಸು ಎಂದಿದ್ದಾನೆ. ಪಾಲು ತನಗೆ ಬೇಡವೇ ಬೇಡ, ವೆರ್ನಾ ಮಾರಲಿ, ಹಣವನ್ನೂ ತಾನು ಮುಟ್ಟುವುದಿಲ್ಲ ಎಂದಿದ್ದಾನೆ. ಕೊನೆಯಲ್ಲಿ, "ವೆರ್ನಾ ಪ್ರತಿ ಕಾಗದದಲ್ಲೂ ನಿನ್ನ ವಿಷಯ ಬರೆಯುತ್ತಾಳೆ."

ಒಳ್ಳೆಯ ಕಾಗದ. ಅದಕ್ಕೇ ಸಿಟ್ಟು. ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಫೆಬ್ರವರಿ 4, ಮಂಗಳವಾರ

ವೆರ್ನಾ ಆಫೀಸಿನ ಬಾಗಿಲು ಹಾಕಿ ಬಂದು ಕುಳಿತಳು.

"ನನ್ನ ಪಾಲನ್ನ ನೀನು ತಗೋ."

"ಆಟ್ಲಿಗೆ ಮಾರು."

"ಅವನಿಗೆ ಮಾರಿದ್ರೆ ನಾಳೆಯಿಂದ ನೀನು ಮತ್ತೆ ಅಡುಗೆಮನೆ ಕಿಟಕೀಲಿ ನಿಂತು ಈ ಬಾಗಿಲು ನೋಡ್ತಿರ್ತೀಯ. ನಿನ್ನ ಹೆಸರಿಗೇ ಬರಿಸ್ತೀನಿ. ಸ್ವಲ್ಪ ಸ್ವಲ್ಪವಾಗಿ ಕೊಡು, ವರ್ಷಗಟ್ಟಲೆ ಆಗ್ಲಿ."

"ಬಿಷಪ್ ಏನಂತಾರೆ?"

"ಕೇಳ್ದೆ. ಒಂದು ಮನೇಲಿ ಎರಡು ಹೆಸರು ಯಾಕೆ ಅಂದ್ರು. ಒಂದು ಗಾಡಿಗೆ ಎರಡು ಚಕ್ರ ಇರಲ್ವಾ ಅಂದೆ. ನಾಲ್ಕಿರುತ್ತೆ ಅಂತ ಹೇಳಿ ಹೋದ್ರು. ಬೇಡ ಅನ್ಲಿಲ್ಲ."

ನಾನು ಲಕೋಟೆಗಳನ್ನು ಜೋಡಿಸಿದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ.

"ನನಗೆ ಬೇಡ," ಎಂದೆ.

ವೆರ್ನಾ ಆ ಲಕೋಟೆಗಳನ್ನು ಪಕ್ಕಕ್ಕೆ ಸರಿಸಿದಳು. "ಆಯ್ತು," ಎಂದಳು. "ಈ ಶಾಪು ಈನಸ್ ಕಟ್ಟಿದ್ದು. ಇದನ್ನ ನೋಡ್ಕೊಳ್ಳೋರ ಕೈಗೆ ಕೊಡ್ದೆ ನಾನು ಹೋಗಲ್ಲ. ನೀನು ಬೇಡ ಅಂದ್ರೆ, ಮದುವೆ ಬೇಡ ಅಂತ ಸೈಲಸನಿಗೂ ಬರೀತೀನಿ. ಬರೀಲಾ?"

ಬರೆ ಎನ್ನಲು ಬಾಯಿ ತೆರೆದೆ. ದೇವರೇ ಸಾಕ್ಷಿ, ಆ ಮಾತು ನಾಲಗೆಯ ತುದಿಯಲ್ಲಿತ್ತು. ಒಂದು ಮಾತು, ಅವಳು ಇಲ್ಲೇ ಉಳಿಯುತ್ತಿದ್ದಳು, ಪೆನ್ಸಿಲು ಹುಡುಕುತ್ತ. ಅವಳು ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಮೂವತ್ತೆರಡು ವರ್ಷ. ಮಕ್ಕಳಿಲ್ಲ. ಸಂಜೆ ಹೋಗಿ ದೀಪ ಹಚ್ಚುವುದು ಅವಳೊಬ್ಬಳೇ.

"ನಾಳೆ ಹೇಳ್ತೀನಿ," ಎಂದೆ.

ಫೆಬ್ರವರಿ 5, ಬುಧವಾರ

ಬೆಳಿಗ್ಗೆ ಫೋನ್ ಗೂಡಿಗೆ ನಡೆದು ಹೋಗಿ ಹಾಲ್ವರ್ಸನ್ ಅವರನ್ನು ಒಂದೇ ಪ್ರಶ್ನೆ ಕೇಳಿದೆ. ಅವರು ಉತ್ತರ ಕೊಟ್ಟು, "ಇದು ನಿಮಗ್ಯಾಕೆ?" ಎಂದರು. ಫೋನ್ ಇಟ್ಟುಬಿಟ್ಟೆ.

ವೆರ್ನಾಳಿಗೆ ಹೇಳಿದೆ: "ನಲವತ್ತೊಂಬತ್ತು ತಗೋತೀನಿ. ಒಂದು ನಿನ್ನ ಹೆಸರಲ್ಲೇ ಇರ್ಲಿ. ಅವನ ಹೆಸರಿಗೆ ಯಾವತ್ತೂ ಹೋಗ್ಬಾರ್ದು."

"ನಾನು ಕೆನಡಾದಲ್ಲಿ ಇರ್ತೀನಲ್ಲೇ!"

"ನೀನು ಎಲ್ಲಿದ್ರೂ ಈ ದೇಶದೋಳೇ. ನಿನಗೆ ಅಡ್ಡಿ ಇಲ್ಲ, ಅವನಿಗೆ ಮಾತ್ರ. ಕೇಳಿದ್ದೀನಿ."

"ಒಂದು ಪಾಲಿಂದ ನನಗೇನು ಸಿಗುತ್ತೆ? ಎರಡು ಕೋಳಿ ಕೊಳ್ಳೋ ದುಡ್ಡು. ಅದಕ್ಕೆ ಪ್ರತಿ ವರ್ಷ ಗಡಿ ದಾಟಿ ಕಾಗದ ಪತ್ರ ಮಾಡ್ಬೇಕು. ಹಾಲ್ವರ್ಸನ್ ತಲೆ ಚಚ್ಕೋತಾರೆ."

"ಚಚ್ಕೊಳ್ಳಿ."

ಅವಳು ನನ್ನನ್ನು ನೋಡಿದಳು. ಟೋಪಿಯಿಂದ ಪೆನ್ಸಿಲು ತೆಗೆದು ಕಾಗದದ ಮೇಲೆ ನಲವತ್ತೊಂಬತ್ತು ಎಂದು ಬರೆದಳು. ಮೂಗು ಒರೆಸಿಕೊಂಡಳು. ಆಫೀಸಿನಲ್ಲಿ ಧೂಳು ಬಹಳ.

ಮಾರ್ಚ್ 6, ಗುರುವಾರ

ಮದುವೆ. ಮೋಡ, ಗಾಳಿ, ಮಳೆಯಿಲ್ಲ. ಇನ್ನೂರೈವತ್ತು ಜನ. ನಾನು ಕೋಳಿ ಮತ್ತು ಆಲೂಗಡ್ಡೆಯ ಕಡೆ ಇದ್ದೆ. ಮ್ಯಾಟಿಯ ಗ್ರೇವಿ ಗಂಟುಗಂಟಾಗಿತ್ತು.

ಸೈಲಸನ ಮಕ್ಕಳು ಆರೂ ಸಾಲಾಗಿ ಕುಳಿತಿದ್ದವು. ಚಿಕ್ಕವಳು ಊಟ ಮುಗಿಯುವ ಹೊತ್ತಿಗೆ ವೆರ್ನಾಳ ಮಡಿಲೇರಿದ್ದಳು. ಐವಾ ಅದನ್ನು ನೋಡಿ ಹೋಗಿ ಆ ಮಗುವನ್ನು ತಳ್ಳಿದಳು. ಎಲ್ಲರೆದುರು ಮಗಳಿಗೆ ಗದರಬೇಕಾಯಿತು. ಆಮೇಲೆ ಮೆಲ್ಲಗೆ ಅವಳ ಕೈಗೆ ಒಂದು ಕುಕಿ ಕೊಟ್ಟೆ.

ಸೈಲಸನ ಅಕ್ಕ ದೊಡ್ಡ ದನಿಯ ಹೆಂಗಸು. ಪೈ ಹಂಚುವಾಗ ವೆರ್ನಾಳ ಹೆಗಲ ಮೇಲೆ ಕೈಹಾಕಿ ಮೇಜಿನವರಿಗೆಲ್ಲ ಹೇಳಿದಳು, "ನೋಡ್ರಪ್ಪ, ವೆರ್ನಾ ಇನ್ನು ಪೂರ್ತಿ ನಮ್ಮೋಳು!"

"ಪೂರ್ತಿ ಅಲ್ಲ," ಎಂದೆ.

ದನಿ ನನ್ನದೇ. ಇಡೀ ಮೇಜು ತಿರುಗಿತು. ಕೈಯಲ್ಲಿ ಪೈ ತಟ್ಟೆ, ಕೆನ್ನೆಯಲ್ಲಿ ಬೆಂಕಿ. "ಒಂದು ಪಾಲು ನಮ್ಮಲ್ಲಿದೆ."

ಒಂಟಾರಿಯೋದವರಿಗೆ ಏನೂ ಅರ್ಥವಾಗಲಿಲ್ಲ. ಆಟ್ಲಿ ತಟ್ಟೆಯೊಳಗೆ ನಕ್ಕ. ವೆರ್ನಾ ನಗಲಿಲ್ಲ, ಕೈ ಚಾಚಿ ನನ್ನ ಏಪ್ರನ್ನಿನ ಅಂಚನ್ನು ಹಿಡಿದು ಒಮ್ಮೆ ಜಗ್ಗಿ ಬಿಟ್ಟಳು.

ನಾಲ್ಕು ಗಂಟೆಗೆ ಅವರ ವ್ಯಾನು ಹೊರಟಿತು. ಸೈಲಸನ ಮನೆಯಲ್ಲಿ ಆರು ಮಕ್ಕಳು ಅವಳನ್ನು ಮೆಮ್, ಅಂದರೆ ಅಮ್ಮ, ಎಂದು ಕರೆಯುತ್ತವೆ, ನಲವತ್ತು ಹಸು ಕರೆಯಬೇಕು, ಕುರುಡಿ ಅತ್ತೆಗೆ ಉಣಿಸಬೇಕು. ನಮ್ಮನ್ನು ನೆನೆಯಲು ಅವಳಿಗೆ ಹೊತ್ತೆಲ್ಲಿ? ಆದರೆ ಪ್ರತಿ ವರ್ಷ ಮಾರ್ಚಿನಲ್ಲಿ ನೂರರಲ್ಲಿ ಒಂದರ ಲೆಕ್ಕ ಬರೆದು ನಾನು ಕಳಿಸುತ್ತೇನೆ, ಅವಳು ಮೇಜಿಗೆ ಕುಳಿತು ಅದನ್ನು ಓದಲೇಬೇಕು. ಓದದಿದ್ದರೆ ಸರ್ಕಾರ ಬಿಡುವುದಿಲ್ಲ.